ನಮ್ಮತ್ತೆಯ ಮೂರು ಬಟ್ಟಲು

ನಮ್ಮತ್ತೆಯ ಮನೆಗೆ ಭಾನುವಾರದ ಊಟಕ್ಕೆ ಹೋದವರೆಲ್ಲ ಜೀವಸಮೇತ ವಾಪಸ್ಸು ಬಂದಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ಮುಂದಿನದನ್ನು ಓದುತ್ತ ಓದುತ್ತ, ಒಬ್ಬೊಬ್ಬ ನೆಂಟರ ಗತಿ ಏನಾಯಿತೋ ಎಂದು ನೀವು ಚಿಂತೆಗೆ ಬೀಳುತ್ತೀರಿ!

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ತಂಗಿ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಹುಟ್ಟಿ, ನಮ್ಮ ವಂಶದಲ್ಲಿ ಎಂ.ಎಸ್ಸಿ. ಮಾಡಿದ ಮೊದಲ ಹೆಣ್ಣುಮಗಳೆನಿಸಿ, ದೂರದ ಊರಿನ ಒಂದು ಆಹಾರ ಪ್ರಯೋಗಾಲಯದಲ್ಲಿ ಬಹಳ ವರ್ಷ ದುಡಿದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು, ಬಸ್ಸು ತಪ್ಪಿಹೋದದ್ದಕ್ಕೆ ಕಾರಣ ಕೊಡುವಷ್ಟೇ ಸಲೀಸಾಗಿ. ಪ್ರಯೋಗಾಲಯದಲ್ಲಿ ಅವರ ಕೆಲಸ ಏನು ಗೊತ್ತೆ? ಎಣ್ಣೆ ತೆಗೆದ ಮೇಲಿನ ಹಿಂಡಿ, ಅಕ್ಕಿ ಗಿರಣಿಯ ತೌಡು, ಪನೀರ್ ಮಾಡಿ ಉಳಿದ ಹಾಲಿನ ನೀರು, ಹಣ್ಣಿನ ಸಿಪ್ಪೆ, ಹೀಗೆ ಲೋಕವೆಲ್ಲ ಬೇಡವೆಂದು ಬಿಸಾಡಿದ್ದರ ಒಳಗಿಂದ ಪ್ರೋಟೀನನ್ನೂ ಕಿಣ್ವವನ್ನೂ ಹುಡುಕಿ ತೆಗೆಯುವುದು. ಕಿಣ್ವ ಎಂದರೇನು ಅತ್ತೆ ಎಂದು ನಾನೊಮ್ಮೆ ಕೇಳಿದ್ದೆ.

"ಪರಂಗಿಕಾಯಿ ಹಾಕಿದ್ರೆ ಮಾಂಸ ಬೇಗ ಬೇಯ್ತದಲ್ಲ? ಅದು ಕಿಣ್ವದ ಕೆಲಸ. ಕಣ್ಣಿಗೆ ಕಾಣದ ಕತ್ತರಿ ಕಣೇ ಅದು. ಪ್ರೋಟೀನು ಅನ್ನೋ ಉದ್ದದ ದಾರಾನ ಕತ್ತರಿಸಿ ಕತ್ತರಿಸಿ ಸಣ್ಣ ಮಾಡ್ತದೆ" ಎಂದರು. ಹೇಳುತ್ತ ಹೇಳುತ್ತ ಕಿಟಕಿಯಾಚೆ ನೋಡಿದರು. ಅಲ್ಲೆಲ್ಲೋ ಆಕಾಶದಲ್ಲಿ ಕೋಟಿ ಕತ್ತರಿಗಳು ಸದ್ದಿಲ್ಲದೆ ಹಾರಾಡುತ್ತಿವೆಯೇನೋ ಎಂಬಂತೆ ಅವರ ಕಣ್ಣು ತೇಲಿಹೋಯಿತು. ಅತ್ತೆಯ ಜೊತೆ ಮಾತಾಡುವಾಗ ಇದೊಂದು ತೊಂದರೆ. ಮಾತಿನ ನಡುವೆಯೇ ಎದ್ದು ಹೊರಟುಹೋಗುತ್ತಾರೆ, ಕುರ್ಚಿ ಬಿಟ್ಟು ಕದಲದೆ!

ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿರುವಾಗಲೇ ಕೆಲಸ ಬಿಟ್ಟು ಬಂದರು. ರಾಮನಗರ ಹೊಸದಾಗಿ ಜಿಲ್ಲೆಯಾಗಿದ್ದ ಸಮಯ ಅದು. ಮೈಸೂರು ರಸ್ತೆಯ ಎರಡೂ ಬದಿ ಫ್ಯಾಕ್ಟರಿಗಳು ಏಳುತ್ತಿದ್ದವು. ಅತ್ತೆ ಮಾಗಡಿಗೆ ಬಂದು ನಮ್ಮ ಜೊತೆ ಇರುತ್ತಾರೆ ಎಂದು ನಾವು ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೆವು. ಅವರು ನೋಡಿದರೆ ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದೆ, ರೇಷ್ಮೆ ನೂಲು ತೆಗೆಯುವ ಘಟಕಗಳೇ ತುಂಬಿದ ಒಂದು ಗಲ್ಲಿಯಲ್ಲಿ ಮನೆ ಹಿಡಿದರು!

ಆ ಗಲ್ಲಿಯ ಬಗ್ಗೆ ಒಂದು ಮಾತು. ಗೂಡನ್ನು ಕುದಿಯುವ ನೀರಿಗೆ ಹಾಕಿ ದಾರ ಎಳೆಯುತ್ತಾರೆ. ದಾರವೆಲ್ಲ ಬಂದ ಮೇಲೆ ಒಳಗಿದ್ದ ಹುಳ, ಬೆಂದ ಕಡಲೆಬೀಜದಂತೆ, ಹಾಗೇ ಉಳಿಯುತ್ತದೆ. ಅದನ್ನು ಮೂಟೆ ಕಟ್ಟಿ ಕೋಳಿಗೋ ಮೀನಿಗೋ ಕಳಿಸುತ್ತಾರೆ, ಉಳಿದದ್ದು ಮೋರಿಗೆ. ಆ ವಾಸನೆಯನ್ನು ವರ್ಣಿಸಲು ನನ್ನಿಂದಾಗದು, ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳಾದರೂ! ಮೊದಲ ಸಲ ಹೋದಾಗ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡವಳು ಮಾಗಡಿ ಬಸ್ಸು ಹತ್ತಿದ ಮೇಲೇ ತೆಗೆದದ್ದು.

"ಎಲ್ಲಾ ಬುಟ್ಟು ಇಲ್ಲಿಗ್ಯಾಕವ್ವಾ ಬಂದೆ?" ಎಂದು ಅಪ್ಪ ಗೋಳಾಡಿದರು. "ಮಾಗಡೀಲಿ ಮನೆ ಐತೆ, ಕಲ್ಯದಲ್ಲಿ ತೋಟ ಐತೆ."

"ಅಣ್ಣಾ, ಈ ಬೀದೀಲಿ ದಿನಾ ಎಷ್ಟು ಪ್ರೋಟೀನು ಮೋರಿಗೆ ಹೋಯ್ತದೆ ಗೊತ್ತಾ ನಿಂಗೆ?"

"ಹೋದ್ರೆ ಹೋಗ್ಲಿ ಬುಡು. ನಮ್ದಾ ಅದು?"

"ನಮ್ದೇ ಕಣಣ್ಣಾ!" ಎಂದರು ಅತ್ತೆ. ಅಷ್ಟು ಪ್ರೀತಿಯಿಂದ ಅವರು ನಮ್ಮ ಯಾರ ಬಗ್ಗೆಯೂ ಹಾಗೆ ಹೇಳಿರಲಿಲ್ಲ.

ಅಂದಿನಿಂದ ಭಾನುವಾರದ ಊಟಗಳು ಶುರುವಾದವು. ನಮ್ಮ ನೆಂಟರಿಷ್ಟರಲ್ಲಿ ಅಷ್ಟು ಸಲ ಊಟಕ್ಕೆ ಕರೆದವರು ಇನ್ನೊಬ್ಬರಿಲ್ಲ. ಊಟ ಬಹಳ ಒಳ್ಳೆಯದೇ. ಮುದ್ದೆ, ಬಸ್ಸಾರು, ಕೋಳಿ ಇದ್ದ ದಿನ ಕೋಳಿ. ಆದರೆ ಎಲೆ ಹಾಕುವ ಮುಂಚೆ ಒಂದು ವಿಧಿ ಇತ್ತು. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಒಬ್ಬೊಬ್ಬರ ಮುಂದೆಯೂ ಮೂರು ಬಟ್ಟಲು ಇಡುತ್ತಿದ್ದರು. ಮೂರರಲ್ಲೂ ಕಂದು ಬಣ್ಣದ ಪುಡಿ. ಮೂಸಿ ನೋಡಿ ಏನನ್ನಿಸಿತೋ ಹೇಳಬೇಕು. ಅತ್ತೆ ದಪ್ಪ ನೋಟ್‌ಬುಕ್ ಹಿಡಿದು ಎದುರಿಗೆ ಕೂರುತ್ತಿದ್ದರು. ಬೇರೆಯವರ ಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆಸುತ್ತಾರೆ, ಇಲ್ಲಿ ಮೂಗು ತೊಳೆಸಬೇಕಾಗಿತ್ತು!

"ಮೊದಲನೇದು?"

"ಒದ್ದೆ ನಾಯಿ" ಎಂದರು ನಮ್ಮೆಜಮಾನರು. ಅವರಿಗೆ ಮಾಗಡಿಯಲ್ಲಿ ಪೈಪು, ಮೋಟಾರಿನ ಅಂಗಡಿ. ವ್ಯಾಪಾರಿಗಳಾದ್ದರಿಂದ ಹಿಂದೆಮುಂದೆ ನೋಡುವ ಅಭ್ಯಾಸವಿಲ್ಲ.

ಅತ್ತೆ ಬರೆದುಕೊಂಡರು. "ಎರಡನೇದು? ಅಣ್ಣಾ, ನೀನೇಳು."

ಅಪ್ಪ ಕಣ್ಣು ಮುಚ್ಚಿ ಎಳೆದರು. "ಮಳೇಲಿ ನೆಂದು ಮೂಲೇಲಿ ಬಿದ್ದಿರೋ ಕಂಬ್ಳಿ. ಮೇಲೆ ಬೆಕ್ಕು ಮಲ್ಗೈತೆ."

"ಬೆಕ್ಕು ಒಣಗಿದೆಯಾ, ನೆಂದಿದೆಯಾ?"

"ಲೇ, ನಂಗ್ ಹಸಿವಾಯ್ತಾ ಐತೆ ಕಣವ್ವಾ!"

ಅದನ್ನೂ ಬರೆದುಕೊಂಡರು. ಮೂರನೆಯ ಬಟ್ಟಲಿಗೆ ಬರುವಷ್ಟರಲ್ಲಿ ಯಾರಿಗೂ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ, ಅಡುಗೆಮನೆಯ ಬಸ್ಸಾರಿನದೊಂದು ಬಿಟ್ಟು. ಹಾಗಾಗಿ ಮೂರನೆಯ ಬಟ್ಟಲಿಗೆ ಯಾವಾಗಲೂ ಒಳ್ಳೆಯ ಅಭಿಪ್ರಾಯವೇ. ಅತ್ತೆಯ ಮುಖ ಅರಳುತ್ತಿತ್ತು. ಮುಂದಿನ ವಾರ ಅದೇ ಪುಡಿಯನ್ನು ಮೊದಲನೆಯ ಬಟ್ಟಲಿಗೆ ಹಾಕಿಟ್ಟಾಗ ನಾಯಿ ಮತ್ತೆ ಒದ್ದೆಯಾಗುತ್ತಿತ್ತು.

ಇದನ್ನೆಲ್ಲ ನಾವು ವಿಜ್ಞಾನಿಗಳ ಒಂದು ಶಿಷ್ಟಾಚಾರ ಎಂದುಕೊಂಡಿದ್ದೆವು. ಅದರ ಹಿಂದೆ ಬೇರೇನೋ ಇದೆ ಎಂದು ಯಾರಿಗೆ ತಾನೇ ಹೊಳೆದೀತು?

ಬಟ್ಟಲಲ್ಲಿರುತ್ತಿದ್ದದ್ದು ಆ ಬೆಂದ ಹುಳದ ಪುಡಿ, ಅದನ್ನು ವಾಸನೆಯಿಲ್ಲದ, ಮನುಷ್ಯರು ತಿನ್ನುವಂಥ ಪ್ರೋಟೀನು ಮಾಡಬೇಕೆಂಬುದು ಅತ್ತೆಯ ಹಟ. ಹುಳದ ಪ್ರೋಟೀನನ್ನು ಕತ್ತರಿಸಲು ಕಿಣ್ವ ಬೇಕಲ್ಲ? ಅದನ್ನೂ ಅತ್ತೆ ಕೊಳ್ಳಲೊಲ್ಲರು. ಅನಾನಸಿನ ಸಿಪ್ಪೆಯಲ್ಲಿ ಬೇಕಾದಷ್ಟಿದೆ, ಅದೂ ಹೇಗೂ ತಿಪ್ಪೆಗೆ ಹೋಗುವಂಥದ್ದೇ ಎಂದು, ಹೆದ್ದಾರಿ ಬದಿಯ ಒಂದು ಹಣ್ಣಿನ ರಸದ ಫ್ಯಾಕ್ಟರಿಗೆ ಹೊರಟರು. ನಾನೂ ಜೊತೆಗಿದ್ದೆ. ಗೇಟಿನಲ್ಲಿ ಮೀಸೆಯ ಕಾವಲುಗಾರ ತಡೆದ.

"ಒಳಕ್ಕೆ ಹೋಗಂಗಿಲ್ಲ ಮೇಡಂ. ಪಾಸ್ ಐತಾ?"

"ನಾನು ಒಳಕ್ಕೆ ಹೋಗೋಕೆ ಬಂದಿಲ್ಲಪ್ಪ. ಒಳಗಿಂದ ಏನು ಹೊರಗೆ ಬರ್ತದೋ ಅದಕ್ಕೆ ಬಂದಿದೀನಿ."

"ಒಳಗಿಂದ ಐದೂವರೆಗೆ ಲೇಬರ್ ಬತ್ತಾರೆ."

"ಲೇಬರ್ ಬೇಡ. ಸಿಪ್ಪೆ ಬೇಕು."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ಪಾಪ, ಹಿಂದಿನ ಗೇಟಿಗೆ ಕರೆದುಕೊಂಡು ಹೋಗಿ ತೋರಿಸಿದ. ಅಲ್ಲಿ ಅನಾನಸಿನ ಸಿಪ್ಪೆಯ ರಾಶಿ, ನಮ್ಮ ಶಾಲೆಯ ಕೊಠಡಿಯಷ್ಟು ಎತ್ತರ. ಅದರ ಬುಡದಿಂದ ಹಳದಿ ರಸ ಸಣ್ಣಗೆ ಹರಿದು, ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತ, ಹುಲ್ಲಿನೊಳಗೆ ಇಂಗುತ್ತಿತ್ತು. ಜೇನುನೊಣಗಳು ಗುಂಯ್‌ಗುಡುತ್ತಿದ್ದವು. ಬೇರೆಯವರು ಸಮುದ್ರದ ಮುಂದೆ ನಿಲ್ಲುತ್ತಾರಲ್ಲ, ಹಾಗೆ ನಿಂತುಬಿಟ್ಟರು ಅತ್ತೆ. ಎಷ್ಟೋ ಹೊತ್ತಾದ ಮೇಲೆ, "ಎಲ್ಲಾ ಹರಿದು ಹೋಗ್ತಾ ಇದೆಯಲ್ಲೇ" ಎಂದರು, ಯಾರೋ ಊರು ಬಿಟ್ಟು ಹೋಗುತ್ತಿದ್ದಾರೇನೋ ಎಂಬ ದನಿಯಲ್ಲಿ.

ಕಾವಲುಗಾರ ಎರಡು ಚೀಲ ತುಂಬಿಸಿಕೊಟ್ಟ. ಹೊರಡುವಾಗ ನನ್ನ ಕಿವಿಯ ಬಳಿ, "ಎಷ್ಟು ಹಸ ಕಟ್ಟವ್ರೆ?" ಎಂದು ಕೇಳಿದ. "ಒಂದೂ ಇಲ್ಲ" ಎಂದೆ. ಅವನು ಇನ್ನೊಂದು ಚೀಲ ತುಂಬಿಸಿದ.

ಬಸ್ಸಿನ ಕಥೆಯನ್ನಂತೂ ಹೇಳಲೇಬೇಕು. ಅತ್ತೆಯ ಗಲ್ಲಿಯಲ್ಲಿ ಬಿಸಿಲು ಸಾಲದು, ನಮ್ಮ ಮಾಗಡಿಯ ಮನೆಯ ತಾರಸಿಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಹೀಗಾಗಿ ಒಮ್ಮೆ ಒಂದು ಸ್ಟೀಲ್ ಕ್ಯಾನಿನಲ್ಲಿ ಬೆಂದ ಹುಳ ತುಂಬಿಕೊಂಡು ಒಣಗಿಸಲು ತರುತ್ತಿದ್ದರು. ಮಾಗಡಿಗೆ ರೈಲಿಲ್ಲ, ಇರುವುದೊಂದೇ ಬಸ್ಸು. ಊರು ದಾಟುವಷ್ಟರಲ್ಲಿ ಕ್ಯಾನಿನ ಮುಚ್ಚಳ ಸಡಿಲವಾಯಿತು.

ಮೊದಲು ಕಿಟಕಿಗಳು ತೆರೆದುಕೊಂಡವು. ಆಮೇಲೆ ಕಂಡಕ್ಟರು ಎದ್ದು ಬಂದ.

"ಯಾರ್ ಹತ್ರ ಐತ್ರೀ ಅದು? ಅಮ್ಮಾ, ಏನಮ್ಮಾ ಆ ಕ್ಯಾನ್‌ನಲ್ಲಿ?"

"ಪ್ರೋಟೀನು ಕಣಪ್ಪ."

"ಯಾರ್ದು?"

"ರೇಷ್ಮೆಹುಳದ್ದು."

"ಸತ್ತು ಎಷ್ಟ್ ದಿನ ಆಯ್ತಮ್ಮಾ?"

"ಇವತ್ತು ಬೆಳಗ್ಗೆ. ತಾಜಾ!" ಎಂದರು ಅತ್ತೆ, ಹೆಮ್ಮೆಯಿಂದ.

ಕಂಡಕ್ಟರು ಕ್ಯಾನನ್ನು ಇಳಿಸಲು ನೋಡಿದ. ಆದರೆ ಅದನ್ನು ಎತ್ತಬೇಕಾದರೆ ಹತ್ತಿರ ಬರಬೇಕು! ಅವನ ಕೈಲಾಗಲಿಲ್ಲ. ಜನರೆಲ್ಲ ಸೀಟು ಬಿಟ್ಟು ಡ್ರೈವರಿನ ಬೆನ್ನಿಗೆ ಅಂಟಿಕೊಂಡರು. ಹಿಂದಿನ ಅರ್ಧ ಬಸ್ಸು ಅತ್ತೆಯೊಬ್ಬರಿಗೇ. ಅವರು ಕಿಟಕಿಗೆ ತಲೆಯಾನಿಸಿ, ಬಂಡೆ ಬೆಟ್ಟಗಳು ಒಂದರ ಹಿಂದೊಂದು ನೀಲಿಯಾಗಿ ಸರಿಯುವುದನ್ನೂ, ಹೊಲದ ಮೇಲೆ ಮೋಡದ ನೆರಳು ಓಡುವುದನ್ನೂ ನೋಡುತ್ತ ಮಾಗಡಿಯವರೆಗೆ ಮಹಾರಾಣಿಯ ಹಾಗೆ ಬಂದರು. ಮನೆಗೆ ಬಂದು, "ಮಾಗಡಿ ಬಸ್ಸು ಇತ್ತೀಚೆಗೆ ಎಷ್ಟು ಖಾಲಿ ಇರ್ತದೆ, ಅಲ್ವಾ?" ಎಂದು ಆಶ್ಚರ್ಯಪಟ್ಟರು.

ಬಿಸ್ಕತ್ತಿನದು ಇನ್ನೊಂದು. ಒಂದು ಭಾನುವಾರ ಕಾಫಿಯ ಜೊತೆ ರಾಗಿ ಬಿಸ್ಕತ್ತು ಕೊಟ್ಟರು. ನಮ್ಮೆಜಮಾನರು ನಾಲ್ಕು ತಿಂದು, ಐದನೆಯದಕ್ಕೆ ಕೈ ಚಾಚುತ್ತ, "ಭೇಷಾಗೈತೆ, ಗೋಡಂಬಿ ಹಾಕಿದ್ದೀರಾ?" ಎಂದರು. ಅತ್ತೆ ಸುಳ್ಳು ಹೇಳುವವರಲ್ಲ. ಗೋಡಂಬಿ ಅಲ್ಲ, ಏನು ಎಂಬುದನ್ನು ಸವಿಸ್ತಾರವಾಗಿ ಹೇಳಿದರು. ಎಜಮಾನರ ಕೈ ಗಾಳಿಯಲ್ಲೇ ನಿಂತಿತು. ಆ ಮೇಲೆ ಮೂರು ದಿನ ಅವರು ಮನೆಯಲ್ಲಿ ಏನು ಬಡಿಸಿದರೂ ಮುಂಚೆ ಮುರಿದು ಒಳಗೆ ನೋಡುತ್ತಿದ್ದರು. ಇಡ್ಲಿಯನ್ನೂ!

ಮರುವಾರ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಅವರು ನಾಲ್ಕು ತಿಂದ್ರಲ್ಲ, ನಿಜವಾಗ್ಲೂ ವಾಸನೆ ಬರಲಿಲ್ವಾ, ಇಲ್ಲ ನನ್ನ ಮನಸ್ಸು ನೋಯದಿರಲಿ ಅಂತ ತಿಂದ್ರಾ?"

"ಅವರಿಗೆ ಬೆಳಗ್ಗಿಂದ ನೆಗಡಿ ಅತ್ತೆ" ಎಂದೆ.

ಅತ್ತೆ ನೋಟ್‌ಬುಕ್ ತೆಗೆದು ಆ ಪುಟಕ್ಕೆ ಒಂದು ಗೆರೆ ಎಳೆದರು. ಅಷ್ಟೊಂದು ಬೇಜಾರೇಕೆ ಎಂದು ನನಗಾಗ ತಿಳಿಯಲಿಲ್ಲ.

ತಿಳಿದದ್ದು ಬೇಸಿಗೆ ರಜೆಯ ಮೊದಲ ವಾರ. ಅಂದು ನಾನೊಬ್ಬಳೇ ಹೇಳದೆ ಕೇಳದೆ ಹೋಗಿದ್ದೆ. ಬೆಳಗ್ಗೆ ಹನ್ನೊಂದರ ಸಮಯ. ಬಾಗಿಲು ದೂಡಿದ್ದೇ ತಡ, ಗಲ್ಲಿಯ ವಾಸನೆಯನ್ನೂ ಮೀರಿಸಿ ಗಪ್ಪೆಂದು ಮೂಗಿಗೆ ಬಡಿಯಿತು, ಗ್ಯಾಸು! ಮನೆ ತುಂಬ ಗ್ಯಾಸು. ಅತ್ತೆ ಒಲೆಯ ಮುಂದೆ ನಿಂತಿದ್ದಾರೆ. ಕೈಯಲ್ಲಿ ಬೆಂಕಿಪೊಟ್ಟಣ.

"ಬಾ ಬಾ, ಸರಿಯಾದ ಟೈಮಿಗೆ ಬಂದೆ. ಹಾಲು ಇಟ್ಟಿದ್ದೆ, ಯಾವಾಗಲೋ ಒಲೆ ಆರಿಹೋಗಿದೆ" ಎನ್ನುತ್ತ ಕಡ್ಡಿ ತೆಗೆದರು.

ನಾನು ಕೂಗಿಕೊಂಡೆನೋ ಹಾರಿದೆನೋ ನೆನಪಿಲ್ಲ. ಬೆಂಕಿಪೊಟ್ಟಣ ಕಿತ್ತು ಬೀದಿಗೆ ಎಸೆದೆ. ಸಿಲಿಂಡರಿನ ಗುಂಡಿ ತಿರುಗಿಸಿ, ಕಿಟಕಿ ಬಾಗಿಲೆಲ್ಲ ತೆರೆದು, ಅತ್ತೆಯನ್ನು ರಟ್ಟೆ ಹಿಡಿದು ಜಗುಲಿಗೆ ಎಳೆದು ತಂದೆ. ಅವರು ಮಾತ್ರ ಏನಾಯಿತೆಂದು ತಿಳಿಯದೆ ನನ್ನನ್ನೇ ನೋಡುತ್ತಿದ್ದರು.

"ಅತ್ತೇ, ಅಷ್ಟು ಗ್ಯಾಸು! ವಾಸನೆ ಬರಲಿಲ್ವಾ ನಿಮಗೆ?"

ಕೇಳಿದ್ದೇ ಕೇಳಿದ್ದು, ಅವರ ಮುಖ ಬಿಳಿಚಿತು. ಒಂದು ಸಲ ಅಡುಗೆಮನೆಯ ಕಡೆ ತಿರುಗಿ ನೋಡಿದರು. ಆಮೇಲೆ ಜಗುಲಿಯ ಮೇಲೆ ನಿಧಾನವಾಗಿ ಕುಳಿತು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಸೆರಗಿನ ತುದಿ ತಿರುವತೊಡಗಿದರು.

"ಇಲ್ಲ ಕಣೇ. ಬರಲ್ಲ. ಯಾವುದೂ ಬರಲ್ಲ."

ಕೆಲಸ ಬಿಡುವುದಕ್ಕೆ ಎರಡು ವರ್ಷ ಮುಂಚೆ ಅವರಿಗೊಂದು ಜ್ವರ ಬಂದಿತ್ತಂತೆ. ಹದಿನೈದು ದಿನ ಮಲಗಿ ಎದ್ದರು. ಜ್ವರ ಹೋಗುವಾಗ ವಾಸನೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಿತ್ತು.

"ಡಾಕ್ಟ್ರು ಏನಂದ್ರು?"

"ಮೂರು ಜನಕ್ಕೆ ತೋರಿಸಿದೆ. ಬರಬಹುದು, ಬರದೇನೂ ಇರಬಹುದು ಅಂದ್ರು. ಅಷ್ಟು ಹೇಳೋಕೆ ಮೂರು ಜನ ಬೇಕಾ?"

ಪ್ರಯೋಗಾಲಯದಲ್ಲಿ ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಆಹಾರದ ಕೆಲಸದವರಿಗೆ ಮೂಗೇ ಇಲ್ಲವೆಂದರೆ? ಮುಚ್ಚಿಟ್ಟುಕೊಂಡೇ ಎರಡು ವರ್ಷ ತಳ್ಳಿದರು. ಕೊನೆಗೊಂದು ದಿನ, ಕೆಟ್ಟುಹೋದ ಪುಡಿಯೊಂದನ್ನು ಚೆನ್ನಾಗಿದೆಯೆಂದೇ ನಂಬಿ ರುಚಿ ನೋಡುವವರ ಮುಂದೆ ಇಟ್ಟುಬಿಟ್ಟರಂತೆ. "ಎಂಟು ಜನ ಒಟ್ಟಿಗೆ ಮುಖ ಕಿವುಚಿದ್ರು. ಎಲ್ಲರೂ ನಾನು ಕೆಲಸ ಹೇಳಿಕೊಟ್ಟ ಮಕ್ಕಳೇ. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ರೆ ಇರ್ತಿದ್ದೆನೇನೋ. ಮಾರನೇ ದಿನ ರಾಜೀನಾಮೆ ಬರೆದೆ."

"ನಮಗಾದ್ರೂ ಹೇಳಬಹುದಿತ್ತಲ್ಲ ಅತ್ತೆ?"

"ಹೇಳಿದ್ರೆ ಮಾಗಡಿಗೆ ಎತ್ತಿಕೊಂಡು ಹೋಗಿ ಮಹಡಿ ಮೇಲೆ ಕೂರಿಸ್ತಿದ್ರಿ. ಅದಕ್ಕೇ ಭಾನುವಾರ ಭಾನುವಾರ ಊಟಕ್ಕೆ ಕರೆದೆ. ಎಂಟು ಮೂಗು ಒಟ್ಟಿಗೆ ಎಲ್ಲಿ ಸಿಗ್ತಾವೆ ಹೇಳು?"

ನಾನು ನಕ್ಕೆ. ಕಣ್ಣಲ್ಲಿ ನೀರು ಬರುತ್ತಿದ್ದರೂ ನಕ್ಕೆ. ಅತ್ತೆಯೂ ನಕ್ಕರು. ಮೂಟೆ ಹೊತ್ತು ಹೋಗುತ್ತಿದ್ದ ಕೂಲಿಯವನೊಬ್ಬ ನಮ್ಮಿಬ್ಬರನ್ನೂ ನೋಡಿ ತಾನೂ ನಕ್ಕು ಹೋದ.

ಅಂದೇ ಒಪ್ಪಂದವಾಯಿತು. ಅವರ ಗುಟ್ಟನ್ನು ನಾನು ಅಪ್ಪನಿಗೆ ಹೇಳಬಾರದು. ಅವರು ಗ್ಯಾಸು ಬಿಟ್ಟು ಕರೆಂಟಿನ ಒಲೆ ಇಟ್ಟುಕೊಳ್ಳಬೇಕು. ರಜೆ ಮುಗಿಯುವವರೆಗೆ ನಾನು ಅವರ ಮೂಗು.

ಹಾಗೆ ಆ ಬೇಸಿಗೆ ನಾನು ದಿನ ಬಿಟ್ಟು ದಿನ ಮಾಗಡಿಯಿಂದ ರಾಮನಗರಕ್ಕೆ ಹೋದೆ. ಹುಳವನ್ನು ತೊಳೆದು, ಒಣಗಿಸಿ, ಒತ್ತಿ ಎಣ್ಣೆ ತೆಗೆಯುವುದು. ಅರೆದು, ಅನಾನಸಿನ ಸಿಪ್ಪೆಯ ರಸ ಬೆರೆಸಿ, ಕೈ ತಾಳುವಷ್ಟು ಬಿಸಿಯಲ್ಲಿ ಕೆಲವು ಗಂಟೆ ಇಡುವುದು. ಆಮೇಲೆ ಚೆನ್ನಾಗಿ ಕುದಿಸಿ ಕತ್ತರಿಗಳ ಕೆಲಸ ನಿಲ್ಲಿಸುವುದು. ಸೋಸಿ ಮತ್ತೆ ಒಣಗಿಸುವುದು. ಹೇಳಲು ಎಷ್ಟು ಸುಲಭ! ಕತ್ತರಿಸಿದ್ದು ಕಡಿಮೆಯಾದರೆ ವಾಸನೆ, ಹೆಚ್ಚಾದರೆ ಹಾಗಲಕಾಯಿಯಂಥ ಕಹಿ. ಎರಡರ ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗವಿದೆ, ಅಲ್ಲಿ ಹೋಗಿ ನಿಲ್ಲಬೇಕು ಎನ್ನುತ್ತಿದ್ದರು ಅತ್ತೆ.

ಮೊದಮೊದಲು ನಾನು ಮೇಷ್ಟರಿಕೆ ತೋರಿಸಲು ಹೋದೆ. "ಹಳೆಯ ಗುಡಾಣದಲ್ಲಿ ಮರೆತುಹೋದ ಯಾರದೋ ನೆನಪಿನ ಹಾಗೆ..." ಎಂದು ಶುರುಮಾಡಿದರೆ, "ಅಲಂಕಾರ ಬೇಡ, ಹತ್ತಕ್ಕೆ ಎಷ್ಟು ಮಾರ್ಕ್ಸು?" ಎಂದು ಗದರಿದರು. ಎರಡು, ಮೂರು, ಮತ್ತೆ ಎರಡು. ನಮ್ಮ ಶಾಲೆಯ ಕೊನೆಯ ಬೆಂಚಿಗೂ ನಾನು ಇಷ್ಟು ಕಡಿಮೆ ಮಾರ್ಕ್ಸು ಕೊಟ್ಟವಳಲ್ಲ!

ಕೆಲಸವೆಲ್ಲ ಮುಗಿದ ಮೇಲೆ ಸಂಜೆ ತಾರಸಿಗೆ ಹೋಗಿ ಕೂರುತ್ತಿದ್ದೆವು. ಕೆಳಗೆ ನೂಲಿನ ರಾಟೆಗಳ ಸದ್ದು ಒಂದೇ ಸಮನೆ, ಯಾವುದೋ ದೊಡ್ಡ ಜೀವ ಮಲಗಿ ಉಸಿರಾಡುತ್ತಿರುವ ಹಾಗೆ. ಹೊಗೆಯೂ ಹಬೆಯೂ ಸೇರಿ ಗಲ್ಲಿಯ ಮೇಲೆ ಬಿಳಿಯ ಪದರವಾಗಿ ನಿಂತು, ಅದರಾಚೆ ಬಂಡೆಬೆಟ್ಟ ತೇಲುತ್ತಿರುವಂತೆ ಕಾಣುತ್ತಿತ್ತು. ಅತ್ತೆ ಅದನ್ನೇ ನೋಡುತ್ತ, ಕೆಲಸಕ್ಕೆ ಬಾರದ ಪ್ರಶ್ನೆಗಳನ್ನು ಕೇಳುತ್ತಿದ್ದರು.

"ಈಗ ಏನು ವಾಸನೆ?"

"ಹುಳ."

"ಅದರ ಹಿಂದೆ?"

"ಸೌದೆ ಹೊಗೆ. ಯಾರದೋ ಮನೆಯಲ್ಲಿ ಒಗ್ಗರಣೆ."

"ಸಾಸಿವೆನಾ, ಬೆಳ್ಳುಳ್ಳಿನಾ?"

"ಬೆಳ್ಳುಳ್ಳಿ. ಈಗ ಸ್ವಲ್ಪ ಸೀದಿತು."

ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದರು, ರೇಡಿಯೋದಲ್ಲಿ ಹಾಡು ಕೇಳುವವರ ಹಾಗೆ. ಮೊದಲ ಮಳೆ ಬಿದ್ದ ದಿನ ನಾನು ಬಾಯಿ ತೆರೆಯುವ ಮುಂಚೆಯೇ, "ಮಣ್ಣಿನದು ಹೇಳಬೇಡ. ಅದೊಂದು ನನಗೆ ನೆನಪಿದೆ" ಎಂದರು.

ನಲವತ್ತನೆಯದೋ ನಲವತ್ತೊಂದನೆಯದೋ ಸಲ, ನಾನು ಬಟ್ಟಲು ಮೂಸಿದೆ. ಮತ್ತೆ ಮೂಸಿದೆ. ನಾಯಿಯಿಲ್ಲ, ಕಂಬಳಿಯಿಲ್ಲ, ಬೆಕ್ಕಿಲ್ಲ! ಹುರಿದ ಕಡಲೆಯ ಹಾಗೆ ಏನೋ, ದೂರದಲ್ಲಿ. ನಾಲಿಗೆಗೆ ಇಟ್ಟರೆ ಕಹಿಯೂ ಅಷ್ಟಕ್ಕಷ್ಟೇ.

"ಎಂಟು" ಎಂದೆ.

"ನೆಗಡಿ ಇದೆಯಾ?" ಎಂದು ಕೇಳಿದರು ಅತ್ತೆ.

ಪಕ್ಕದ ಘಟಕದಲ್ಲಿ ದಾರ ಎಳೆಯುವ ಹೆಂಗಸರನ್ನು ಕರೆದು ತೋರಿಸೋಣ ಎಂದರು. ಒಂದು ಮೂಗು ಸಾಲದು, ಪರೀಕ್ಷೆ ಅಂದರೆ ಪರೀಕ್ಷೆ. ಟೀ ಬಿಡುವಿನಲ್ಲಿ ಆರು ಜನ ಬಂದರು. ಅವರಲ್ಲಿ ಹಿರಿಯಳು ನಾಗಮ್ಮ, ಇಪ್ಪತ್ತು ವರ್ಷದಿಂದ ಬಿಸಿನೀರಿನಲ್ಲಿ ಕೈಯಾಡಿಸಿದವಳು. ಬೆರಳ ತುದಿಗಳೆಲ್ಲ ಬೆಳ್ಳಗೆ ಬಿರಿದಿದ್ದವು. ಅತ್ತೆ ಏನನ್ನೂ ಮುಚ್ಚಿಡದೆ, ಇದು ಹುಳದ ಪುಡಿಯೇ ಎಂದು ಹೇಳಿ ಬಟ್ಟಲು ಕೊಟ್ಟರು. ನಾಗಮ್ಮ ಮೂಸಿ ಪಕ್ಕದವಳಿಗೆ ಕೊಟ್ಟಳು. ಪಕ್ಕದವಳು ಮೂಸಿ ತನ್ನ ಪಕ್ಕದವಳಿಗೆ. ಆರು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಂಗೈತೆ ನಾಗಮ್ಮ?"

"ಏನ್ ಏಳನವ್ವಾ? ಹುಳದ್ ವಾಸ್ನೆ ನಮ್ಗೆಲ್ಲೈತೆ? ಕೆಲ್ಸಕ್ ಸೇರಿದ ವಾರಕ್ಕೇ ಹೊಂಟೋಯ್ತು. ಈ ಬೀದೀಲಿ ಯಾರ್ಗೂ ಬರಾಕಿಲ್ಲ."

ಇದಕ್ಕಿಂತ ಪ್ರಯೋಜನಕ್ಕೆ ಬಾರದ ಪರೀಕ್ಷಕರನ್ನು ಇಡೀ ರಾಜ್ಯದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ! ನಾನು ತಲೆ ಮೇಲೆ ಕೈಯಿಟ್ಟುಕೊಂಡೆ. ಅತ್ತೆ ಮಾತ್ರ ನಾಗಮ್ಮನನ್ನೇ ನೋಡುತ್ತಿದ್ದರು. "ನನಗೂ ಬರಲ್ಲ ನಾಗಮ್ಮ" ಎಂದರು, ಮೆಲ್ಲಗೆ. ನನ್ನೊಬ್ಬಳನ್ನು ಬಿಟ್ಟು ನಮ್ಮ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಆ ಆರು ಜನರ ಮುಂದೆ ಹೇಳಿಬಿಟ್ಟರು. ನಾಗಮ್ಮ ಅದನ್ನೊಂದು ದೊಡ್ಡ ವಿಷಯವೆಂದೇ ಎಣಿಸಲಿಲ್ಲ. "ಅಂಗಾರೆ ನೀವೂ ನಮ್ಮೋರೇ ಬುಡಿ" ಎಂದು ಪುಡಿಯನ್ನು ಒಸಿ ಬಾಯಿಗೆ ಹಾಕಿಕೊಂಡು ಚಪ್ಪರಿಸಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತ, "ಇಷ್ಟ್ ವರ್ಸ ಕೈ ಬೇಯಿಸ್ಕಂಡು ದಾರ ತೆಗುದ್ವಿ. ಸೀರೆ ಯಾರ್ಯಾರೋ ಉಟ್ಕಂಡ್ರು. ನಮ್ ಪಾಲಿಗೆ ಇದಾದ್ರೂ ಬತ್ತಲ್ಲ, ಕೊಡಿ ಒಂದು ಡಬ್ಬಿ" ಎಂದಳು.

ಈ ಪುಡಿಯ ಬಗ್ಗೆ ಅತ್ತೆ ಬರೆದ ಲೇಖನವನ್ನು ಕೆಲವು ತಿಂಗಳ ಮೇಲೆ ವಿಜ್ಞಾನದ ಪತ್ರಿಕೆಯೊಂದು ವಾಪಸ್ಸು ಕಳಿಸಿತು. ವಾಸನೆ ನೋಡಿದವರು ತರಬೇತಿ ಪಡೆದವರಲ್ಲ, ಒಬ್ಬಳು ಕನ್ನಡ ಟೀಚರು ಮತ್ತು ನೆಂಟರು ಎಂಬುದು ಅವರ ಆಕ್ಷೇಪ. ಅತ್ತೆ ನೊಂದುಕೊಂಡದ್ದು ಒಂದೇ ದಿನ. ಅಷ್ಟರಲ್ಲಾಗಲೇ ಗಲ್ಲಿಯ ಹತ್ತು ಹನ್ನೆರಡು ಹೆಂಗಸರು ಸಂಜೆಯ ಟೀ ಹೊತ್ತಿಗೆ ಆ ಪುಡಿ ಬೆರೆಸಿದ ರಾಗಿ ಹುರಿಹಿಟ್ಟು ತಿನ್ನುತ್ತಿದ್ದರು. ಮಾಡುವ ಕ್ರಮವನ್ನು ನಾಗಮ್ಮ ಅತ್ತೆಗಿಂತ ಚೆನ್ನಾಗಿ ಕಲಿತಿದ್ದಳು. ಎಷ್ಟು ಹೊತ್ತು ಬಿಸಿಯಿಡಬೇಕೆಂಬುದನ್ನು ಗಡಿಯಾರ ನೋಡದೆ, ಆ ಬೆಂದ ಬೆರಳಿನಿಂದಲೇ ಮುಟ್ಟಿ ಹೇಳುತ್ತಿದ್ದಳು. "ಮೂವತ್ತು ವರ್ಷ ನಾನು ಹುಡುಕಿದ ಥರ್ಮಾಮೀಟರು ಇಲ್ಲಿತ್ತು ನೋಡು" ಎಂದು ಅತ್ತೆ ನನ್ನ ಹತ್ತಿರ ಬೆರಗುಪಟ್ಟರು.

ಅದೆಲ್ಲ ಆಮೇಲಿನ ಮಾತು. ಆ ಬೇಸಿಗೆ ರಜೆ ಮುಗಿಯಲು ಎರಡು ದಿನವಿರುವಾಗ, "ಕಲ್ಯಕ್ಕೆ ಹೋಗಿ ಬರೋಣ ಬಾ" ಎಂದರು. ಅವರಿಗೆ ಹೊಸ ಹುಚ್ಚು ಹತ್ತಿತ್ತು. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪಿನಲ್ಲಿ, ಕಡ್ಡಿಯಲ್ಲಿ ಎಷ್ಟು ಪ್ರೋಟೀನು ಉಳಿದಿರಬಹುದು? ಎಲ್ಲ ತಿಪ್ಪೆಗೆ ಹೋಗುತ್ತದಲ್ಲ! ಸರಿ, ಹೋದೆವು. ಊರಾಚೆ ಒಂದು ಹಿಪ್ಪುನೇರಳೆ ತೋಟ. ಬೆಳಗಿನ ಮಳೆ ನಿಂತು ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಸಾಲಿನೊಳಗೆ ನುಗ್ಗಿ ಚೀಲಕ್ಕೆ ಸೊಪ್ಪು ತುಂಬತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಸದ್ದು ನಿಂತಿತು. ನೋಡಿದರೆ, ಒಂದು ಎಲೆಯನ್ನು ಅಂಗೈಯಲ್ಲಿ ಹಿಸುಕಿ, ಮುಷ್ಟಿ ಹಿಡಿದು ನಿಂತಿದ್ದಾರೆ.

"ಬಾ ಇಲ್ಲಿ" ಎಂದರು. ಅಂಗೈ ನನ್ನ ಮೂಗಿನ ಹತ್ತಿರ ತಂದರು. "ಹೇಳು."

ಎಷ್ಟು ಮಾರ್ಕ್ಸು ಎಂದು ಹೇಳಹೊರಟವಳು ಅವರ ಮುಖ ನೋಡಿ ನಿಂತೆ. ಹಸಿರು, ಸ್ವಲ್ಪ ಹಾಲಿನ ಹಾಗೆ, ಸ್ವಲ್ಪ ಒದ್ದೆ ಗೋಣಿಯ ಹಾಗೆ, ಕೊನೆಯಲ್ಲಿ ಏನೋ ಸಿಹಿ. ತೋಚಿದ್ದನ್ನೆಲ್ಲ ಹೇಳಿದೆ.

"ನಮ್ಮವ್ವ ಹುಳ ಸಾಕಿ ನನ್ನ ಓದಿಸಿದ್ಲು" ಎಂದರು ಅತ್ತೆ. ಅಷ್ಟು ವರ್ಷಗಳಲ್ಲಿ ಅಜ್ಜಿಯ ಮಾತನ್ನು ಅವರು ನನ್ನ ಹತ್ತಿರ ಆಡಿದ್ದು ಅದೇ ಮೊದಲು. "ದಿನವೆಲ್ಲ ಸೊಪ್ಪು ಕುಯ್ದು ಬಂದು, ಕೈ ತೊಳ್ಕೊಳ್ದೇನೇ ನನ್ನ ಕೆನ್ನೆ ಸವರೋಳು. ನಾನು ಥೂ ಅಂತ ಮುಖ ತಿರುಗಿಸ್ತಿದ್ದೆ. ಈಗ ನೋಡು, ಅವಳ ಮುಖ ಎಲ್ಲಾ ನೆನಪೈತೆ, ದನಿನೂ ನೆನಪೈತೆ. ಆ ಕೈಯಿನ ವಾಸನೆ ಮಾತ್ರ ಎಷ್ಟು ಎಳೆದರೂ ಬರಲೊಲ್ಲದು ಕಣೇ."

ಅವರ ಆ ಹಸಿರಾದ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮಾಗಡಿಗೆ ಹಿಂತಿರುಗುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತು, ಸೊಪ್ಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದರು. ಊರು ಬರುವವರೆಗೂ ಆ ಅಂಗೈ ಅವರ ಕೆನ್ನೆಯ ಮೇಲೇ ಇತ್ತು.